ಸಂಬಂಧ ಎಂಬ ಕಾಲಂ

ಗುಡಿಬಂಡೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ
ಗೆದ್ದಲು ಹಿಡಿದ ಕಟ್ಟು ಬಿಚ್ಚಿ ಕೊಡವುತ್ತಿದ್ದೆ.
ಸಿಕ್ಕಿತು ಎಪ್ಪತ್ತಾರನೇ ಇಸವಿಯ ವಹಿ,
ಬಿಡುಗಡೆಯಾದ ಜೀತದಾಳುಗಳದು.
ಕ್ರಮಸಂಖ್ಯೆ ನಲವತ್ತೇಳು:
ಕದಿರಪ್ಪ ಬಿನ್ ದೊಡ್ಡ ಆವುಲಪ್ಪ.
ಸಾಲದ ಮೊಬಲಗು: ನೂರಾ ಹತ್ತು ರೂಪಾಯಿ, ರಾಗಿ ಎರಡು ಪಲ್ಲ.
ದುಡಿದ ಅವಧಿ: ಹತ್ತೊಂಬತ್ತು ವರ್ಷ.
ಮಾಲೀಕ: ಬೈರೆಡ್ಡಿ.
ಮಾಲೀಕನೊಡನೆ ಸಂಬಂಧ:
ಅಲ್ಲಿ ಗುಮಾಸ್ತನ ಲೇಖನಿ ತಡೆದಿದೆ.
ಮಸಿಯ ಒಂದು ಚುಕ್ಕೆ, ಆಮೇಲೆ ಅಡ್ಡಗೀಟು.

ಕದಿರಪ್ಪ ನನ್ನಪ್ಪ.

ಕತ್ತಾಳೆ ನಾರಿನ ಹಗ್ಗಕ್ಕೆ ಯುಗಾದಿಗೊಂದು ಗಂಟು,
ಅಷ್ಟೇ ಅವನಿಗೆ ಬರುತ್ತಿದ್ದ ಲೆಕ್ಕ.
ರೆಡ್ಡಿಯ ಪುಸ್ತಕದ ಲೆಕ್ಕ ಬೇರೆ:
ಹೋರಿ ಕಾಲು ಮುರಿದುಕೊಂಡರೆ ಎಂಟು ರೂಪಾಯಿ,
ಅಪ್ಪನಿಗೆ ಜ್ವರ ಬಂದ ದಿನಕ್ಕೆ ಎಂಟಾಣೆ,
ನಾನು ಹುಟ್ಟಿದಾಗ ಕೊಟ್ಟ ಅಚ್ಚು ಬೆಲ್ಲಕ್ಕೂ ಬಡ್ಡಿ.

ಮಧ್ಯಾಹ್ನ ಕಿಟಕಿಗೆ ಬಂದರು ಶಿವಾರೆಡ್ಡಿ,
ಎಪ್ಪತ್ತು ದಾಟಿದ ಜೀವ, ಕೈಯಲ್ಲಿ ಔಷಧಿ ಅಂಗಡಿಯ ಚೀಲ.
ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿದೆಯಂತೆ,
ಹಳೇ ದಾಖಲೆಯ ನಕಲು ಬೇಕಂತೆ.
ಕನ್ನಡಕ ಏರಿಸಿ ನೋಡಿದರು:
"ನೀವು ಕದಿರನ ಮಗಳಲ್ವಾ? ಹುಬ್ಬು ಅವನದೇ."
ನನಗೆ ಬಹುವಚನ. ಅಪ್ಪನಿಗೆ, ಸತ್ತು ಹನ್ನೆರಡು ವರ್ಷವಾದರೂ,
ಇನ್ನೂ ಏಕವಚನ.

"ಬೈರಸಾಗರದಲ್ಲಿ ನನಗೆ ಈಜು ಕಲಿಸಿದವನೇ ಅವನು.
ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ,
ಗದ್ದದಡಿ ಅಂಗೈ ಕೊಟ್ಟು ತೇಲಿಸೋನು.
ಮನೆಗೆ ಹೋದರೆ ನಮ್ಮಜ್ಜಿ, ಅವನು ಮುಟ್ಟಿದಾನೆ ಅಂತ,
ತೊಪ್ಪೆ ಒದ್ದೆಯಾಗಿ ಬಂದ ನನ್ನ ಮೇಲೆ
ಇನ್ನೊಂದು ತಂಬಿಗೆ ನೀರು ಸುರಿದು ಒಳಗೆ ಬಿಡೋಳು!"
ನಕ್ಕರು. ಕೆಮ್ಮು ಬಂತು. ಕಣ್ಣೊರೆಸಿಕೊಂಡರು,
ಕೆಮ್ಮಿಗೋ ಏನೋ.

ನಾನು ಆ ಗದ್ದ ನೋಡುತ್ತಿದ್ದೆ,
ಮೂರು ದಿನದ ಬಿಳಿ ಕೂಳೆಯ ಗದ್ದ.
ಅಲ್ಲಿತ್ತು ಅಪ್ಪನ ಅಂಗೈ.

ನನಗೆ ಈಜು ಬರುವುದಿಲ್ಲ.
ನಾನು ಮಲಗಿದ ಮೇಲೆ ಬಂದು ಕೋಳಿ ಕೂಗುವ ಮುಂಚೆ ಹೋಗುವ
ಗಂಜಲದ ವಾಸನೆ ನನ್ನಪ್ಪ.
ಅವನು ಪೂರಾ ಮನೆಗೆ ಬಂದಾಗ ನನಗೆ ಏಳು ವರ್ಷ,
ಎತ್ತಿಕೊಳ್ಳಲು ಭಾರವಾಗಿದ್ದೆ,
ಅವನ ಬೆನ್ನು ಅದಾಗಲೇ ಬಾಗಿತ್ತು.
ಸಿಟ್ಟು ಬರಬೇಕಿತ್ತು ನನಗೆ, ಈ ಮುದುಕನ ಮೇಲೆ.
ಬಂದದ್ದು ಹೊಟ್ಟೆಕಿಚ್ಚು.

ಬಿಡುಗಡೆ ಪತ್ರ ಕೊಟ್ಟ ಮರುದಿನವೂ, ಅಮ್ಮ ಹೇಳುತ್ತಿದ್ದಳು,
ನಸುಕಿಗೆ ಎದ್ದು ರೆಡ್ಡಿಯ ಕೊಟ್ಟಿಗೆ ತನಕ ಹೋಗಿದ್ದನಂತೆ.
ಒಳಗೆ ಕಾಲಿಡಲಿಲ್ಲ. ಸೂರಿಗೆ ಸಿಕ್ಕಿಸಿದ್ದ
ತನ್ನ ತೆಂಗಿನ ಚಿಪ್ಪು ತೆಗೆದುಕೊಂಡು,
ಎತ್ತು ಅಂಬಾ ಎಂದದ್ದಕ್ಕೆ
ಬೇಲಿ ಹಿಡಿದು ಬೆಳಕು ಹರಿಯುವವರೆಗೆ ನಿಂತಿದ್ದನಂತೆ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?

ನಕಲಿಗೆ ಹದಿನೈದು ರೂಪಾಯಿ ಎಂದೆ.
ಇಪ್ಪತ್ತರ ನೋಟು ಕೊಟ್ಟರು.
"ಚಿಲ್ಲರೆ ಇಲ್ಲವಾ? ಇರಲಿ ಬಿಡಮ್ಮ, ಐದು ರೂಪಾಯಿ ತಾನೇ."
ಹೊರಟರು, ಮೆಟ್ಟಿಲು ಒಂದೊಂದೇ ಇಳಿಯುತ್ತ.
ನಾನು ಕುರ್ಚಿ ಬಿಟ್ಟು, ಬೀಗ ಹಾಕದೆ,
ಎದುರಿನ ಟೀ ಅಂಗಡಿಯಲ್ಲಿ ಚಿಲ್ಲರೆ ಮಾಡಿಸಿ,
ಐವತ್ತಾರರ ಮಂಡಿ ನೋವಿನಲ್ಲಿ ಓಡಿದೆ ಬಸ್ ನಿಲ್ದಾಣಕ್ಕೆ.
ಬಾಗೇಪಲ್ಲಿ ಬಸ್ಸಿನ ಕಿಟಕಿಯಲ್ಲಿ ಇಟ್ಟೆ, ಅಂಗೈ ಮೇಲೆ ನಾಣ್ಯ:
"ನಮ್ಮ ಮನೆಯಲ್ಲಿ ನಿಮ್ಮ ಬಾಕಿ ಇಟ್ಟುಕೊಳ್ಳುವುದಿಲ್ಲ."
ಅವರು ಎಣಿಸಲಿಲ್ಲ. ಜೇಬಿಗೆ ಬಿಟ್ಟುಕೊಂಡರು.
ಏನೋ ಹೇಳಲು ಬಾಯಿ ತೆರೆದರು, ಬಸ್ಸು ಹೊರಟಿತು.

ಆ ಗಂಟಿನ ಹಗ್ಗವನ್ನು ಅಪ್ಪ ಸುಡಲಿಲ್ಲ, ಬಿಚ್ಚಲಿಲ್ಲ.
ಕೇರಿಯ ಬಾವಿಗೆ ಕಟ್ಟಿದ, ಒಳ್ಳೇ ಹಗ್ಗ ಯಾಕೆ ಹಾಳು ಮಾಡೋದು ಅಂತ.
ಸೇದುವಾಗ ಪ್ರತಿ ಗಂಟೂ ರಾಟೆಗೆ ಸಿಕ್ಕಿ ಕಟಕ್ಕನೆ ಎಗರುತ್ತಿತ್ತು,
ಹತ್ತೊಂಬತ್ತು ಸಲ.
ಪ್ರತಿ ಸಲ ಇಷ್ಟಿಷ್ಟು ಚೆಲ್ಲಿ
ಮೇಲೆ ಬರುವಷ್ಟರಲ್ಲಿ ಕೊಡದಲ್ಲಿ ಮುಕ್ಕಾಲೇ ನೀರು.
ಅದನ್ನೇ ಕುಡಿದು ಬೆಳೆದೆ.