ಇಪ್ಪತ್ತೆರಡು ಮೆಟ್ಟಿಲು

ಮಾನಂದವಾಡಿ ರಸ್ತೆಯ ನಮ್ಮ ಕಟ್ಟಡದಲ್ಲಿ
ಮೇಲೆ ಪ್ರಯೋಗಾಲಯ, ಕೆಳಗೆ ಮಕ್ಕಳ ವಾರ್ಡು.
ನಡುವೆ ಇಪ್ಪತ್ತೆರಡು ಮೆಟ್ಟಿಲು.
ಎಣಿಸಿದ್ದೇನೆ, ಲಿಫ್ಟು ಕೆಟ್ಟ ದಿನಗಳಲ್ಲಿ,
ಅಂದರೆ ಹೆಚ್ಚೂಕಮ್ಮಿ ದಿನವೂ.

ಕೆಲಸಕ್ಕೆ ಸೇರಿದ ವಾರ
ಇಂದುಧರ ಸರ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ
'ಬಾ ತಾಯಿ, ನೋಡು' ಅಂದರು.
ಕೆಂಪು ಕಣ ದುಂಡಗೆ, ನಡುವೆ ಹೆಬ್ಬೆಟ್ಟಿಂದ ಅಮುಕಿದ
ಕಜ್ಜಾಯದ ಹಾಗೆ ಅಂತ ಓದಿದ್ದೆ.
ಇಲ್ಲಿ ಕುಡ್ಲು.
ಒಂದಲ್ಲ. ಕುಯಿಲು ಮುಗಿದ ಮೇಲೆ ಸೂರಿಗೆ ಸಿಕ್ಕಿಸಿಟ್ಟ ಹಾಗೆ
ಒಂದರ ಮೇಲೊಂದು.
ನಾನು ಕೆರಗೋಡಿನವಳು. ನಾಲೆಯ ನೀರುಂಡ ಗದ್ದೆಯಲ್ಲಿ
ಎಡಗೈ ಕಿರುಬೆರಳಿಗೆ ಕುಡ್ಲು ತಾಗಿಸಿಕೊಂಡವಳು,
ಗಾಯದ ಗೆರೆ ಇನ್ನೂ ಇದೆ.
ಬೆಳೆಯೇ ಇಲ್ಲದ ಕಡೆ ಇಷ್ಟು ಕುಡ್ಲು ಯಾಕೆ
ಅಂತ ಕೇಳಲು ಬಾಯಿ ಬರಲಿಲ್ಲ.

ಕೋಟೆ ಕಡೆಯ ಹಾಡಿಗಳಿಂದ ಬರುತ್ತಿದ್ದವು
ಐಸು ತುಂಬಿದ ಡಬ್ಬಿಗಳು, ಬೆಳಗಿನ ಬಸ್ಸಿನಲ್ಲಿ,
ಡ್ರೈವರಿನ ಸೀಟಿನ ಹಿಂದೆ, ಯಾರದೋ ಕುಂಬಳಕಾಯಿಯ ಪಕ್ಕ.
ಹೆಸರು ಬರೆಯುವಂತಿಲ್ಲ. ನಂಬರು ಮಾತ್ರ.
ನಲವತ್ತೊಂದು: ಗಂಡು, ಆರು ವರ್ಷ, ಹದಿಮೂರು ಕೇಜಿ.

ಮದ್ದು ಹೊಸದಲ್ಲ. ದೊಡ್ಡವರಿಗೆ ಇತ್ತು, ಕ್ಯಾಪ್ಸೂಲಿನಲ್ಲಿ.
ಹದಿಮೂರು ಕೇಜಿಗೆ ಎಷ್ಟು?
ಫ್ರಿಜ್ಜಿಲ್ಲದ ಮನೆಯಲ್ಲಿ, ಒಲೆ ಪಕ್ಕದ ಗೂಡಿನಲ್ಲಿ
ಎಷ್ಟು ದಿನ ಕೆಡದೆ ಇರುತ್ತೆ?
ಪ್ರಶ್ನೆ ಇಷ್ಟೇ. ಉತ್ತರಕ್ಕೆ ಹನ್ನೊಂದು ವರ್ಷ.

ಎರಡು ಸಲ ದುಡ್ಡು ನಿಂತಿತು. ಒಂದು ಸಲ
ಸಿರಪ್ಪು ಹರಳುಗಟ್ಟಿತು, ಆಲೆಮನೆ ಕೊಪ್ಪರಿಗೆಯ ಅಂಚಿನ ಹಾಗೆ.
ನೂರೆಂಬತ್ತು ಬಾಟಲಿ ಸುಡಲು ಕಳಿಸಿದೆವು.
ಸಮಿತಿ ಕಾಗದ ಕೇಳಿತು, ಆ ಕಾಗದಕ್ಕೆ ಇನ್ನೊಂದು ಕಾಗದ.
ಶಾಂಭವಿ ಮೇಡಂ ಹೆರಿಗೆ ರಜೆ ಮುಗಿಸಿ ಬಂದು,
ಆ ಮಗು ಮೂರನೇ ಕ್ಲಾಸಿಗೆ ಬಂದರೂ
ನಾವಿನ್ನೂ ಒಂಬತ್ತನೇ ಮೆಟ್ಟಿಲಲ್ಲಿದ್ದೆವು.

ನಾಲ್ಕನೇ ವರ್ಷದ ಪುಷ್ಯ ಮಾಸದಲ್ಲಿ
ನಲವತ್ತೊಂದರ ಡಬ್ಬಿ ಬರಲಿಲ್ಲ.
ಪಟ್ಟಿಯಲ್ಲಿ ಅಡ್ಡಗೆರೆ ಎಳೆದೆ.
ಸ್ಕೇಲು ಇಟ್ಟು ಎಳೆದೆ, ನೆಟ್ಟಗೆ.
ಈಗಲೂ ಕಾಡುತ್ತೆ, ಆ ಸ್ಕೇಲು.

ಹೋದ ಆಷಾಢದಲ್ಲಿ ಮದ್ದು ಕೆಳಗಿಳಿಯಿತು.
ಮೆರವಣಿಗೆಯೇನಿಲ್ಲ. ಸ್ಟೀಲಿನ ತಟ್ಟೆಯಲ್ಲಿ ಆರು ಬಾಟಲಿ.
ಓದು ಬಾರದವರಿಗೆಂದು ಕೊಳವೆಯ ಮೇಲೆ ಬಣ್ಣದ ಗೆರೆ,
ಚಿಕ್ಕವರಿಗೆ ಹಸಿರಿನ ತನಕ, ಬೆಳೆದವರಿಗೆ ನೀಲಿಯ ತನಕ.
ನಿವೃತ್ತರಾದ ಇಂದುಧರ ಸರ್ ಕಂಬದ ಹಿಂದೆ ನಿಂತು ನೋಡಿ
ಟೀ ಕೂಡ ಕುಡಿಯದೆ ಹೊರಟುಹೋದರು.

ಮುತ್ತಿ ಎಂಬ ಹುಡುಗಿಗೆ ಮೊದಲ ಹನಿ ಕುಡಿಸಿದವಳು ಜಾಜಿ.
ಹಾಡಿಯಿಂದ ಮಕ್ಕಳನ್ನು ಕರೆತರುವ ಕೆಲಸ ಈಗ ಅವಳದು.
ಮುತ್ತಿ ಮುಖ ಕಿವುಚಿ, 'ನೆಲ್ಲಿಕಾಯಿ' ಅಂದಳು.
ಜಾಜಿ ನಗಲಿಲ್ಲ. ನನ್ನ ಬಳಿ ಬಂದು,
'ನನ್ ಕೂಸಿನ್ ರಕ್ತ ಇನ್ನೂ ಐತಾ ಇಲ್ಲಿ?
ಕೆಂಚ ಅಂತ. ಆ ವರ್ಷ ಚಳೀಲಿ ಹೋದ.'

ಆ ಚಳಿಗಾಲ ನಾನು ಎಳೆದದ್ದು ಒಂದೇ ಗೆರೆ.
ಐತೆ ಅಂದೆ. ಮೇಲೆ. ಮೈನಸ್ ಎಂಬತ್ತರಲ್ಲಿ.
'ಅಂಗಂದ್ರೆ ಎಷ್ಟು ತಣ್ಣಗೆ?'
ಐಸಿಗಿಂತ ತಣ್ಣಗೆ, ಅಂದೆ, ಎಷ್ಟೋ ಪಾಲು.
ಸೆರಗಿನ ತುದಿ ಮಡಿಸಿದಳು, ಬಿಡಿಸಿದಳು.
'ಚಳಿ ಆದ್ರೇನೆ ಅವ್ನಿಗೆ ನೋವು ಕಿತ್ಕೊಂಡು ಬತ್ತಿದ್ದುದು.'

ಮೇಲೆ ಹತ್ತಿದೆ. ಮೂರನೇ ಅರೆ, ಎಡಗಡೆ.
ಬಾಗಿಲು ಬಹಳ ಹೊತ್ತು ತೆರೆದಿಡುವಂತಿಲ್ಲ.
ಹೆಬ್ಬೆರಳಿನ ಬಿಸಿಗೆ ಮಂಜು ಕರಗಿ
ನಂಬರು ಕಂಡಿತು.
ಮತ್ತೆ ಒಳಗಿಟ್ಟೆ. ಇಡಲೇಬೇಕು,
ಇನ್ನೂ ಹುಟ್ಟದ ಮಕ್ಕಳ ಲೆಕ್ಕಕ್ಕೆ ಅದು ಬೇಕು.
ಕೈ ಮಾತ್ರ ಕೋಟಿನ ಜೇಬಿಗೆ ಹೋಗಲು ಒಪ್ಪಲಿಲ್ಲ.

ಹೊರಗೆ ಮುತ್ತಿ
ಒಬ್ಬಳೇ ಮೆಟ್ಟಿಲು ಹತ್ತಿ ಬರುತ್ತಿದ್ದಳು,
ಗಟ್ಟಿಯಾಗಿ ಎಣಿಸುತ್ತ,
ಏಳಾದ ಮೇಲೆ ಒಂಬತ್ತು ಅನ್ನುತ್ತ.
ಅವಳ ಲೆಕ್ಕದಲ್ಲಿ ಇಪ್ಪತ್ತಮೂರು.
ನಾನು ತಿದ್ದಲಿಲ್ಲ.