ನೆತ್ತಿಗೆ ಹತ್ತಿದರೆ

ಡಾಕಪ್ಪಜ್ಜ, ಬಾಯಿ ತೆಗಿ.
ತೆಗೆಯುವುದಿಲ್ಲ.
ಇಪ್ಪತ್ತೆಂಟು ವರ್ಷ ತೀರ್ಥಹಳ್ಳಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು
ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಂದು
ಒಂದೇ ಉಸಿರಿಗೆ ಕೂಗಿದ ಬಾಯಿ,
ಟಿಕೆಟ್ ಹರಿಯಲು ಬೆರಳಿಗೆ ಎಂಜಲು ಕೊಟ್ಟ ಬಾಯಿ,
ಸೀಟಿ ಕಚ್ಚಿ ಕಚ್ಚಿ ಮುಂದಿನ ಹಲ್ಲು ಸವೆದ ಬಾಯಿ
ಈಗ ಶಿವಮೊಗ್ಗದ ಈ ವಾರ್ಡಿನಲ್ಲಿ, ಹದಿನಾರನೇ ಮಂಚದಲ್ಲಿ,
ಕೊನೇ ಟ್ರಿಪ್ಪು ಮುಗಿದ ಶೆಡ್ಡಿನಂತೆ ಮುಚ್ಚಿದೆ.

ಬಲಗೈ, ಬಲಗಾಲು ಹೋದದ್ದು ಎಲ್ಲರಿಗೂ ಕಾಣುತ್ತದೆ.
ಅರ್ಧ ಗಂಟಲೂ ಮಲಗಿದೆ, ಅದು ಕಾಣುವುದಿಲ್ಲ.
ಮಗಳು ಸುಮಿತ್ರೆ ದಿನಾ ಬೆನ್ನು ಒರೆಸಿ ಪೌಡರ್ ಹಾಕುತ್ತಾಳೆ,
ಗಡ್ಡ ಹೆರೆಯಲು ಗಾಂಧಿ ಬಜಾರಿನಿಂದ ಹುಡುಗನನ್ನು ಕರೆಸಿದಳು.
ಬಾಯಿ ಅಂದರೆ,
'ಏನೂ ತಿನ್ನುತ್ತಿಲ್ಲವಲ್ಲ ಅಕ್ಕಾ, ಮೂಗಿನ ಪೈಪಿನಲ್ಲೇ ಗಂಜಿ.
ತಿನ್ನದ ಬಾಯಿ ಕೊಳೆಯಾಗುವುದು ಹೇಗೆ?'

ಮುಚ್ಚಿಟ್ಟ ಪಾತ್ರೆಯೇ ಅಲ್ಲವೇ ಮೊದಲು ನಾರುವುದು.
ಸೆರಫಿನಾ ಸಿಸ್ಟರ್ ಕಲಿಸಿಕೊಟ್ಟದ್ದು:
ನಾಲಿಗೆಯ ಮೇಲಿನ ಬಿಳಿ ಪದರ, ವಸಡಿನ ಸಂದಿಯ ಲೋಳೆ
ನಿದ್ದೆಯಲ್ಲಿ ಜೊಲ್ಲಿನ ಜತೆ ಜಾರಿ
ಅನ್ನದ ದಾರಿ ಬಿಟ್ಟು ಗಾಳಿಯ ದಾರಿ ಹಿಡಿಯುತ್ತದೆ,
ಟಿಕೆಟಿಲ್ಲದೆ ಹತ್ತಿ
ಶ್ವಾಸಕೋಶದಲ್ಲಿ ಇಳಿಯುತ್ತದೆ.
ಆಮೇಲೆ ಜ್ವರ, ಎಕ್ಸ್‌ರೇಯ ತುಂಬ ಬಿಳಿ.
ನ್ಯುಮೋನಿಯಾ ಅಂತ ಬರೆಯುತ್ತಾರೆ.
ಬಾಯಿ ಅಂತ ಯಾರೂ ಬರೆಯುವುದಿಲ್ಲ.

ನಮ್ಮ ಸೀಗೆಹಟ್ಟಿಯ ಮನೆಯಲ್ಲಿ
ಯಾರಿಗಾದರೂ ನೆತ್ತಿಗೆ ಹತ್ತಿದರೆ ತಲೆ ತಟ್ಟಿ ಹೇಳುತ್ತಿದ್ದೆವು,
ಯಾರೋ ನೆನೆಸಿಕೊಂಡರು ನಿನ್ನನ್ನ.
ಎದೆಗೆ ಇಳಿದರೆ?
ಕೆಮ್ಮಿಲ್ಲದೆ, ಸದ್ದಿಲ್ಲದೆ ಇಳಿದರೆ
ಯಾರೋ ಮರೆತರು ಅಂತಲೇ?

ಮರೆತಿದ್ದೆವು ನಮ್ಮತ್ತೆಯನ್ನು.
ಹನ್ನೊಂದು ದಿನ ಸೀರೆ ಬದಲಿಸಿದೆವು, ಜಡೆ ಹಾಕಿದೆವು.
ಹಲ್ಲೇ ಇಲ್ಲ, ಉಜ್ಜುವುದೇನನ್ನು, ಅಂದವಳು ನಾನೇ.
ಕಫ ಕಟ್ಟಿತು, ವಯಸ್ಸಾಗಿತ್ತು, ಅಂದರು ಬಂದವರು.
ಕಡೆಗೆ ತುಳಸಿ ನೀರು ಬಿಡಲು ತುಟಿ ಬಿಡಿಸಿದಾಗ
ಅವಳ ನಾಲಿಗೆ
ಕಾವಲಿಯ ಮೇಲೆ ಮರೆತ ದೋಸೆಯಂತೆ ಕಂದಿತ್ತು.

ಬಾಯಿ ತೆಗಿ ಅಜ್ಜಾ.
ತಲೆ ಎತ್ತರಿಸಿದ್ದೇನೆ, ಮುಖ ಪಕ್ಕಕ್ಕೆ ಹೊರಳಿಸಿದ್ದೇನೆ,
ಬ್ರಷ್ಷು ಮಕ್ಕಳದ್ದು, ಮೆತ್ತಗಿದೆ,
ನೀರು ಹಿಂಡಿದ್ದೇನೆ, ಒಂದು ಹನಿಯೂ ಒಳಗೆ ಹೋಗದಂತೆ.
ನಿನ್ನ ಮೇಲಿನ ಸೆಟ್ಟು ಹೆಸರು ಬರೆದ ಡಬ್ಬಿಯಲ್ಲಿದೆ.
ಸುಮಿತ್ರೆ ಕರ್ಚೀಫಿನಲ್ಲಿ ಸುತ್ತಿ ದಿಂಬಿನಡಿ ಇಟ್ಟಿದ್ದಳು. ಬೈದೆ.

ಬೆರಳು ಕಚ್ಚಿದ.
ಉಳಿದ ಮೂರು ಹಲ್ಲಿಗೆ ಎಷ್ಟು ಬಲವೋ!
ಸಿಟ್ಟು ಬಂತು, ನಗುವೂ.
'ಚಿಲ್ಲರೆ ಕೊಡ್ರೀ, ಚಿಲ್ಲರೆ' ಅಂದೆ, ಕಂಡಕ್ಟರನ ದನಿಯಲ್ಲಿ.
ಎಡಗಡೆಯ ತುಟಿ ಒಂಚೂರು ಅಲುಗಿತು.
ಬಾಗಿಲು ತೆರೆಯಿತು.

ಮೇಲಿನ ವಸಡು ಗಾಜನೂರು,
ಕೆನ್ನೆಯ ಒಳಗು ಸಕ್ರೆಬೈಲು,
ನಾಲಿಗೆ ಮಂಡಗದ್ದೆ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.
ತೀರ್ಥಹಳ್ಳಿ ಮುಟ್ಟುವ ಮೊದಲೇ ಕೆಮ್ಮಿದ,
ಮಂಚ ಅಲ್ಲಾಡುವಷ್ಟು ಜೋರಾಗಿ.
ಸುಮಿತ್ರೆ ಹೆದರಿ ಎದ್ದಳು.
ಕೆಮ್ಮಲಿ ಬಿಡು, ಅಂದೆ.
ನೆತ್ತಿ ತಟ್ಟು.