ಇನ್ನೂರೈವತ್ತು ಮೀಟರು

ಗಟ್ಟಿ ಚಳಿ ಬಿದ್ದ ವರ್ಷ ಹೀಯುಮಾ ದ್ವೀಪಕ್ಕೆ ಕಡಲೇ ದಾರಿ.
ಹೆಪ್ಪುಗಟ್ಟಿದ ಇಪ್ಪತ್ತಾರು ಕಿಲೋಮೀಟರು,
ಅಂಚಿಗುಂಟ ನೆಟ್ಟ ಜುನಿಪರ್ ಕೊಂಬೆಗಳು,
ಈ ತುದಿಗೆ ನನ್ನ ಹಲಗೆಯ ಗೂಡು, ಒಂದು ಗೇಟು,
ಒಂದು ಗಡಿಯಾರ.

ಬಂದವರಿಗೆಲ್ಲ ಅದೇ ಪಾಠ ಒಪ್ಪಿಸುತ್ತೇನೆ.
ಬೆಲ್ಟು ಬಿಚ್ಚಿ, ಗಡ್ಡೆ ಬಾಯಿಬಿಟ್ಟರೆ ಹಾರಿಕೊಳ್ಳಬೇಕಲ್ಲ.
ನಡುವೆ ನಿಲ್ಲಬೇಡಿ.
ಇಪ್ಪತ್ತೈದಕ್ಕೂ ನಲವತ್ತಕ್ಕೂ ನಡುವಿನ ವೇಗ ಬೇಡವೇ ಬೇಡ,
ಆ ವೇಗಕ್ಕೆ ಅಡಿಯ ನೀರಲ್ಲೊಂದು ಅಲೆ ಎದ್ದು
ಗಾಡಿಯ ಜೊತೆಗೇ ಓಡುತ್ತದೆ.
ಮುಂದಿನ ಗಾಡಿಗೂ ನಿಮಗೂ ಇನ್ನೂರೈವತ್ತು ಮೀಟರು.
ಗೇಣು ಕಡಿಮೆಯಾದರೂ ಆಗದು.

ಫೆಬ್ರವರಿಯ ಒಂದು ಗುರುವಾರ ಎಂಡೆಲ್‌ನ ಶವದ ವ್ಯಾನು ಬಂತು.
ಸತ್ತದ್ದು ಈಚೆಯ ಆಸ್ಪತ್ರೆಯಲ್ಲಿ, ಮಣ್ಣು ಆಚೆಯ ದ್ವೀಪದಲ್ಲಿ.
ಹಿಂದೆಯೇ, ಬಂಪರಿಗೆ ಬಂಪರು ತಾಗುವಂತೆ,
ಅವನ ಹೆಂಡತಿ ಲೈನೆಯ ಹಳೇ ಹಸಿರು ಕಾರು.
ವ್ಯಾನು ಬಿಟ್ಟೆ.
ಅವಳ ಮುಂದೆ ಗೇಟು ಇಳಿಸಿದೆ.

ಗಾಜು ಇಳಿಸಿದಳು.
"ನಲವತ್ತೊಂದು ವರ್ಷ ಒಂದೇ ಮಗ್ಗುಲು.
ಈಗ ಅಂತರವೇ?"
ಕಾನೂನು, ಅಂದೆ.
"ಹೆಣವೂ ನಿಮ್ಮ ಲೆಕ್ಕಕ್ಕೆ ಗಾಡಿಯೇ?"
ಗಡ್ಡೆಗೆ ಗೊತ್ತಿರುವುದು ತೂಕ ಮಾತ್ರ, ಅನ್ನಬೇಕಿತ್ತು.
ಬಾಯಿ ಬರಲಿಲ್ಲ.
"ಬಿಡು, ಅವನ ಬೆನ್ನಿಗೇ ಹೋಗಿಬಿಡುತ್ತೇನೆ."
ಅದಕ್ಕೇ ಈ ಗೇಟು, ಅಂದೆ.
ಅಂದ ಮೇಲೆ ಇಬ್ಬರೂ ಸುಮ್ಮನಾದೆವು.

ಮೂರು ನಿಮಿಷ.
ಹದಿನಾರು ಚಳಿಗಾಲ ಎಣಿಸಿದ್ದೇನೆ ಆ ಮೂರು ನಿಮಿಷವನ್ನು;
ಅದರ ಉದ್ದ ತಿಳಿದದ್ದು ಅವತ್ತು.

ಪಕ್ಕದ ಸೀಟಿನಲ್ಲಿ ಅವನ ಕುರಿಚರ್ಮದ ಟೋಪಿ,
ಅದಕ್ಕೂ ಬೆಲ್ಟು ಹಾಕಿದ್ದಳು.
"ಇದನ್ನೂ ಬಿಚ್ಚಬೇಕೇ?"
ತಲೆಯಾಡಿಸಿದೆ,
ಹೂಂ ಎಂದೋ ಉಹೂಂ ಎಂದೋ ನನಗೇ ತಿಳಿಯದ ಹಾಗೆ.
ಅವಳು ಬಿಚ್ಚಿದಳು.
ಮುಳ್ಳು ಮುಟ್ಟಿತು. ಗೇಟು ಎತ್ತಿದೆ.

ದುರ್ಬೀನಿನಲ್ಲಿ ನೋಡುತ್ತ ನಿಂತೆ.
ಬಿಳಿಯ ಮೇಲೆ ಒಂದು ಕರಿ ಚುಕ್ಕೆ, ಒಂದು ಹಸಿರು.
ಕರಿಯದು ನಿಧಾನಿಸಿದರೆ ಹಸಿರೂ ನಿಧಾನ,
ನಡುವಿನ ಬಿಳಿ ಕುಗ್ಗಲೂ ಇಲ್ಲ, ಹಿಗ್ಗಲೂ ಇಲ್ಲ.

ಗಡ್ಡೆಯ ಮೇಲೆ ಓಡಾಡಿದವರಿಗೆ ಗೊತ್ತು:
ಮುಂದೆ ಹೋದದ್ದರ ಭಾರಕ್ಕೆ ಅದು ಕೂದಲೆಳೆಯಷ್ಟು ತಗ್ಗಿ
ಮತ್ತೆ ಏಳುತ್ತದೆ, ಹಿಂದಿನವರ ಕಾಲಡಿಯವರೆಗೂ.
ಹಾಸಿಗೆಯ ಆ ಬದಿ ಯಾರೋ ಹೊರಳಿದರೆ
ನಿದ್ದೆಯಲ್ಲೇ ಈ ಬದಿಗೆ ತಿಳಿಯುವಂತೆ.

ಹಿಂದೆ ಹಾರನ್ನು ಹೊಡೆಯಿತು. ಹಾಲಿನ ಲಾರಿ.
ಬೆಲ್ಟು ಬಿಚ್ಚಿ, ಅಂದೆ.